ನೆರೆಯ ಮುನ್ಸೂಚನೆಯನ್ನು ಗ್ರಾಮದಲ್ಲಿ ಸಾರುವ ಕ್ರಮ

ನೆರೆ, ಬಿರುಗಾಳಿ ಮೊದಲಾದ ಉತ್ಪಾತಗಳನ್ನು ತಡೆಯುವುದು ಮನುಷ್ಯಶಕ್ತಿಗೆ ಮೀರಿದ ಮಾತು. ಆದರೆ ಅವು ಬರುವ ಸುದ್ದಿಯು ಸಕಾಲದಲ್ಲಿ, ಎಲ್ಲರಿಗೂ ತಿಳಿಯುವ ಮಾತುಗಳಲ್ಲಿ ಮನೆಮನೆಗೆ ಮುಟ್ಟಿದಲ್ಲಿ ಪ್ರಾಣಹಾನಿಯನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಇದಕ್ಕೆ ಒಡಿಶಾದ ಕರಾವಳಿಯೇ ದೃಷ್ಟಾಂತ. ಅಲ್ಲಿ 1999ನೆಯ ಅಕ್ಟೋಬರಿನ ಚಂಡಮಾರುತಕ್ಕೆ ಸುಮಾರು 10,000 ಜನರು ಬಲಿಯಾದರು. ತರುವಾಯ ಆಶ್ರಯಗೃಹಗಳನ್ನು ಕಟ್ಟಿಸಿ, ಸುದ್ದಿ ಮುಟ್ಟಿಸಲು ಸ್ವಯಂಸೇವಕರನ್ನು ಸಿದ್ಧಗೊಳಿಸಲಾಯಿತು. 2013ನೆಯ ಅಕ್ಟೋಬರಿನಲ್ಲಿ ಫೈಲಿನ್ ಚಂಡಮಾರುತ ಬಂದಾಗ ಸುಮಾರು 10 ಲಕ್ಷ ಜನರು ಮೊದಲೇ ಸ್ಥಳ ಬಿಟ್ಟಿದ್ದರು. ಮೃತರ ಸಂಖ್ಯೆಯು ನೂರನ್ನು ಮುಟ್ಟಲಿಲ್ಲ.

ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ಗ್ರಾಮಗಳು 2019ನೆಯ ಆಗಸ್ಟಿನ ನೆರೆಯನ್ನು ಕಂಡಿವೆ. ಜಲಾಶಯಗಳಿಂದ ಬಿಡುವ ನೀರನ್ನು ಕ್ಯೂಸೆಕ್ಸ್ ಲೆಕ್ಕದಲ್ಲಿ ಪ್ರಕಟಿಸುವುದು ವಾಡಿಕೆ. ಒಂದು ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರು ನೀರು. ಈ ಲೆಕ್ಕವು ಎಂಜಿನಿಯರರಿಗೆ ಸಾಕು, ಒಕ್ಕಲಿಗನಿಗೆ ಸಾಲದು. ನೀರು ಹೊಲದ ಬದುವಿನಲ್ಲಿ ನಿಲ್ಲುವುದೋ, ಕೊಟ್ಟಿಗೆಗೆ ನುಗ್ಗುವುದೋ ಎಂಬುದನ್ನು ಅವನು ತಿಳಿಯಬೇಕು. ಆದಕಾರಣ ಹಿಂದಿನ ನೆರೆಗಳಲ್ಲಿ ಎಷ್ಟು ನೀರು ಬಿಟ್ಟಾಗ ಎಲ್ಲಿಯವರೆಗೆ ಏರಿತೆಂಬುದನ್ನು ವಿಚಾರಿಸಿ, ಗುಡಿಯ ಮೆಟ್ಟಿಲು, ಶಾಲೆಯ ಗೋಡೆ ಮುಂತಾದೆಡೆ ಗುರುತು ಹಾಕಿಸತಕ್ಕದ್ದು. ಉಪನದಿಗಳ ನೀರೂ ಸ್ಥಳದ ಮಳೆಯೂ ಕೂಡಿದರೆ ನೀರು ಗುರುತನ್ನು ಮೀರಬಹುದೆಂಬುದನ್ನೂ ತಿಳಿಸಬೇಕು.

ಸಾರುವಾಗ ಅನುಸರಿಸತಕ್ಕ ಕ್ರಮ:

1. ಏನು, ಎಲ್ಲಿ, ಯಾವಾಗ, ಮಾಡಬೇಕಾದುದೇನು ಎಂಬ ನಾಲ್ಕನ್ನೂ ಒಟ್ಟಿಗೆ ಹೇಳಬೇಕು. ಉದಾಹರಣೆ: “ಈ ರಾತ್ರಿ ನೀರು ಅಗಸೆಬಾಗಿಲವರೆಗೆ ಏರುವ ಸಂಭವವಿದೆ. ಕೆಳಗಿನ ಕೇರಿಯವರು ಕತ್ತಲಾಗುವ ಮೊದಲೇ ದನಕರುಗಳೊಡನೆ ಶಾಲೆಯ ದಿಬ್ಬಕ್ಕೆ ಬರಬೇಕು.”

2. ಮೊಬೈಲಿನ ಸಂದೇಶವೊಂದನ್ನೇ ನಂಬಬಾರದು. ಡಂಗುರ ಹೊಡೆಸಬೇಕು, ಕಿವುಡರು, ವೃದ್ಧರು, ತೋಟದ ಗುಡಿಸಲಿನ ಕೂಲಿಗಳು ಇವರಲ್ಲಿಗೆ ಆಳನ್ನು ಕಳುಹಿಸಬೇಕು.

3. ದನಗಳನ್ನು ಬಿಟ್ಟು ಬರಲಾರದೆ ಮನೆಯಲ್ಲೇ ಉಳಿದು ಅಪಾಯಕ್ಕೆ ಸಿಕ್ಕುವವರುಂಟು. ದನ ಕಟ್ಟುವ ಸ್ಥಳವನ್ನೂ ಮೇವಿನ ಏರ್ಪಾಡನ್ನೂ ಅದೇ ಡಂಗುರದಲ್ಲಿ ಸಾರಬೇಕು. ಸಾಗಿಸಲಾಗದ ದನಗಳ ಕಣ್ಣಿಯನ್ನಾದರೂ ಬಿಚ್ಚಿಬಿಡಬೇಕು.

4. ನೆರೆ ಇರುವಾಗ ಗೊತ್ತಾದ ಹೊತ್ತಿಗೆ ಸುದ್ದಿ ಹೇಳಬೇಕು; ಹೊಸದೇನೂ ಇಲ್ಲದಿದ್ದರೆ ಹಾಗೆಂದೇ ಹೇಳಬೇಕು. ಮಾತಿಲ್ಲದ ಕಡೆ ಗಾಳಿಸುದ್ದಿ ಹುಟ್ಟುವುದು.

5. ಸಂಭವವನ್ನು ಸಂಭವವೆಂದೇ ಹೇಳಬೇಕು. ನೀರು ಬಾರದೆ ಹೋದಲ್ಲಿ, ಮೇಲೆ ಮಳೆ ತಗ್ಗಿದ್ದೇ ಮೊದಲಾದ ಕಾರಣವನ್ನು ಜನರನ್ನು ಕೂಡಿಸಿ ತಿಳಿಸಬೇಕು. ಸುಮ್ಮನಿದ್ದರೆ ಮುಂದಿನ ಡಂಗುರಕ್ಕೆ ಯಾರೂ ಏಳರು.

ಮುಖಂಡರ ನಡತೆಯನ್ನು ಊರೆಲ್ಲ ನೋಡುತ್ತಿರುವುದು. ತಮ್ಮ ದನಗಳನ್ನು ಕೊಟ್ಟಿಗೆಯಲ್ಲಿಯೇ ಕಟ್ಟಿ ಅನ್ಯರಿಗೆ ಹೊರಡಿರೆಂದರೆ ನಂಬುವವರಾರು? ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಮೃಗಶಿರಾ ಮಳೆಗೆ ಮುಂಚೆಯೇ ದಿಬ್ಬವನ್ನು ಗೊತ್ತುಮಾಡಿ, ಸಾರುವವರನ್ನು ನೇಮಿಸಿ, ಒಮ್ಮೆ ಅಭ್ಯಾಸ ಮಾಡಿಸಿಡುವುದು ಯುಕ್ತವು.