ಕೆಂಪು ಕಡ್ಡಿ ಕಂಡರೆ ಕ್ಷಯವೇ?

ಬಹರೇನ್‌ನಿಂದ ಮಾತಾಡ್ತಿದ್ದೇನೆ. ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಬಂದ ನಮ್ಮವರಿಗೆಲ್ಲ ವೀಸಾ ಮೆಡಿಕಲ್‌ನ ಎದೆ ಎಕ್ಸ್‌ರೇ ಗೊತ್ತು. ಅದರಲ್ಲಿ ಒಂದು ನೆರಳು ಕಂಡರೆ ಕೆಲಸವೇ ಕೈತಪ್ಪಬಹುದು. ಆದರೆ ಎಕ್ಸ್‌ರೇ ತೋರಿಸೋದು ನೆರಳನ್ನು ಮಾತ್ರ. ಅದು ಯಾವ ಬ್ಯಾಕ್ಟೀರಿಯಾದ ಕೆಲಸ ಅಂತ ತಿಳಿಯಬೇಕಾದರೆ ಕಫವನ್ನೇ ನೋಡಬೇಕು.

ಇದಕ್ಕೆ ಅತಿ ಅಗ್ಗದ ಸಾಧನ ಸೂಕ್ಷ್ಮದರ್ಶಕ. ಸ್ಲೈಡ್ ಮೇಲೆ ಕಫ ಸವರಿ, ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣ ಹಾಕಿ, ಹಬೆಯಾಡುವಷ್ಟು ಬಿಸಿ ಮಾಡ್ತಾರೆ. ಆಮೇಲೆ ಆಮ್ಲದಲ್ಲಿ ತೊಳೀತಾರೆ. ಉಳಿದ ಬ್ಯಾಕ್ಟೀರಿಯಾಗಳೆಲ್ಲ ಬಣ್ಣ ಬಿಡ್ತವೆ, ಮೇಣದಂಥ ಕವಚ ಇರೋ ಕ್ಷಯದ ಬ್ಯಾಕ್ಟೀರಿಯಾ ಬಿಡೋದಿಲ್ಲ. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು!

ಇದರ ಬೆಲೆ ಗೊತ್ತಾಗಿದ್ದರಲ್ಲಿ ನಮ್ಮ ತುಮಕೂರಿನ ಪಾಲೂ ಇದೆ. 1959ರಲ್ಲಿ ಶುರುವಾದ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಅಲ್ಲಿನ ಹಳ್ಳಿಗಳ ಕ್ಷಯರೋಗಿಗಳನ್ನು ಮಾತಾಡಿಸಿದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಸುಮಾರು ಅರ್ಧದಷ್ಟು ಜನ ಚಿಕಿತ್ಸೆ ಹುಡುಕಿಕೊಂಡು ಆಗಲೇ ಹೋಗಿಬಂದಿದ್ದರು. ಸಿಕ್ಕಿದ್ದು ಹೆಚ್ಚಾಗಿ ಕೆಮ್ಮಿನ ಔಷಧಿ. ಅಂದ್ರೆ ಎಕ್ಸ್‌ರೇ ವ್ಯಾನ್ ಊರೂರು ಸುತ್ತೋದಕ್ಕಿಂತ, ಬಂದವರ ಕಫ ನೋಡಿದ್ದರೇ ಎಷ್ಟೋ ಜನ ಸಿಗ್ತಿದ್ದರು.

ಆದರೆ ಒಂದು ತೊಡಕಿದೆ. ಮಣ್ಣು, ನಲ್ಲಿ ನೀರಲ್ಲಿ ಬದುಕೋ ಕ್ಷಯದ ದಾಯಾದಿ ಮೈಕೋಬ್ಯಾಕ್ಟೀರಿಯಾಗಳೂ ಹೀಗೇ ಕೆಂಪಗೆ ಕಾಣ್ತವೆ. ಕ್ಷಯ ವ್ಯಾಪಕವಾಗಿರುವ ಕಡೆ ಕೆಂಪು ಕಡ್ಡಿ ಅಂದ್ರೆ ಬಹುಮಟ್ಟಿಗೆ ಕ್ಷಯವೇ. ಕ್ಷಯ ಅಪರೂಪವಾಗಿರುವ ಕಡೆ ಅದೇ ಸ್ಲೈಡನ್ನು ಅಷ್ಟು ನಂಬೋಕಾಗಲ್ಲ. ಔಷಧಿಯೂ ಬೇರೆ: ಕ್ಷಯಕ್ಕೆ ಕೊಡೋ ಪೈರಾಜಿನಮೈಡ್ ಈ ದಾಯಾದಿಗಳಲ್ಲಿ ಹೆಚ್ಚಿನವಕ್ಕೆ ನಾಟೋದೇ ಇಲ್ಲ.

ಬೇರೆ ಮಾಡೋಕೆ ನನಗೆ ತುಂಬಾ ಇಷ್ಟವಾದ ಉಪಾಯ ಪಿಎನ್‌ಬಿ. ಬ್ಯಾಂಕ್ ಅಲ್ಲ, ಪ್ಯಾರಾ-ನೈಟ್ರೋಬೆಂಜೋಯಿಕ್ ಆಮ್ಲ! ಕಫದಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಎರಡು ನಳಿಕೆಗಳಿಗೆ ಹಾಕ್ತಾರೆ. ಎರಡರಲ್ಲೂ ಮೊಟ್ಟೆಯಿಂದ ಮಾಡಿದ ಹಸಿರು ಮಾಧ್ಯಮ, ಒಂದಕ್ಕೆ ಮಾತ್ರ ಮಿಲಿಲೀಟರಿಗೆ 500 ಮೈಕ್ರೋಗ್ರಾಂ ಪಿಎನ್‌ಬಿ. ಕ್ಷಯದ್ದಾದರೆ ಬರೀ ಮಾಧ್ಯಮದಲ್ಲಿ ಬೆಳೆಯುತ್ತೆ, ಪಿಎನ್‌ಬಿ ಇರೋದರಲ್ಲಿ ಬೆಳೆಯೋದಿಲ್ಲ. ದಾಯಾದಿಗಳು ಬಹುತೇಕ ಎರಡರಲ್ಲೂ ಬೆಳೀತವೆ. ಯಂತ್ರ ಬೇಡ, ಕಣ್ಣು ಸಾಕು. ಪಿಎನ್‌ಬಿ ಇಲ್ಲದ ನಳಿಕೆಯಲ್ಲೂ ಏನೂ ಬೆಳೆಯದಿದ್ದರೆ ಮಾತ್ರ ಆ ಪರೀಕ್ಷೆ ಲೆಕ್ಕಕ್ಕಿಲ್ಲ.

ಖರ್ಚು ಕಡಿಮೆ, ಕಾಯೋದು ಜಾಸ್ತಿ: ವಾರಗಟ್ಟಲೆ. ಎಂಪಿಟಿ64 ಪಟ್ಟಿಯೂ ಇದೆ, ಗರ್ಭಪರೀಕ್ಷೆಯ ಪಟ್ಟಿಯ ಹಾಗೆ. ಕ್ಷಯದ ಬ್ಯಾಕ್ಟೀರಿಯಾ ಹೊರಬಿಡೋ ಪ್ರೋಟೀನನ್ನು 15 ನಿಮಿಷದಲ್ಲಿ ಗುರುತಿಸುತ್ತೆ. ಆದರೆ ಅದಕ್ಕೂ ಮೊದಲು ಬ್ಯಾಕ್ಟೀರಿಯಾ ಬೆಳೆಸಿರಬೇಕು, ಕಫದ ಮೇಲೆ ನೇರವಾಗಿ ನಡೆಯಲ್ಲ. ಬೆಳೆಸೋದಕ್ಕೆ ಗಾಳಿ ಶೋಧಿಸೋ ಸುರಕ್ಷತಾ ಕ್ಯಾಬಿನೆಟ್, ತರಬೇತಿ ಪಡೆದ ಕೈ ಎರಡೂ ಬೇಕು. ಹಾಗಾಗಿ ಪಿಎನ್‌ಬಿ ನಳಿಕೆ ಎಷ್ಟೇ ಅಗ್ಗವಾದರೂ ಅದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬರಲಿಲ್ಲ, ದೊಡ್ಡ ಪ್ರಯೋಗಾಲಯದಲ್ಲೇ ಉಳಿಯಿತು.