ಉರಿಮೂತ್ರವೇ? ಮೊದಲು ಸೋಪು ಬಿಡಿ

ಪ್ರಶ್ನೆ: ವಯಸ್ಸು 34, ತೂಕ 82 ಕೆ.ಜಿ. ದಿನವೂ ಒಳಗೆಲ್ಲ ಸೋಪು ಹಾಕಿ ತೊಳೆದುಕೊಂಡರೂ ಪದೇಪದೇ ಉರಿಮೂತ್ರ. ಏಕೆ?

ಉತ್ತರ: ಇದು ನಿಮ್ಮ ಶುಚಿತ್ವದ ಕೊರತೆಯಲ್ಲ, ಸಂಕೋಚ ಬೇಡ. ಹೆಣ್ಣಿನ ಮೂತ್ರನಾಳದ ಉದ್ದ ಸುಮಾರು 4 ಸೆಂ.ಮೀ. ಮಾತ್ರ, ಗುದದ್ವಾರದ ಬಳಿಯ ಬ್ಯಾಕ್ಟೀರಿಯಾ ಸುಲಭವಾಗಿ ಮೂತ್ರಕೋಶ ಸೇರಿ ಸೋಂಕು, ಉರಿ ತರಬಹುದು. ಯೋನಿಯೊಳಗೆ ಸೋಪು ಹಾಕಿದರೆ ಸೋಂಕು ತಡೆಯುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ. ಹೊರಭಾಗವನ್ನಷ್ಟೇ ನೀರಿನಿಂದ, ಮುಂದಿನಿಂದ ಹಿಂದಕ್ಕೆ ತೊಳೆದು ಒರೆಸಿಕೊಳ್ಳಿ. ಹತ್ತಿಯ ಒಳಉಡುಪು ಧರಿಸಿ. ನೀರು ಚೆನ್ನಾಗಿ ಕುಡಿಯಿರಿ, ಮೂತ್ರ ಕಟ್ಟಿಕೊಂಡಿರಬೇಡಿ. ಮಿಲನದ ನಂತರ ತಪ್ಪದೆ ಮೂತ್ರಕ್ಕೆ ಹೋಗಿ. ತೂಕ ಹೆಚ್ಚಿದ್ದರೆ ತೊಡೆಸಂದಿಯಲ್ಲಿ ಬೆವರು ನಿಲ್ಲುತ್ತದೆ, ಮಧುಮೇಹದ ಸಾಧ್ಯತೆಯೂ ಹೆಚ್ಚು; ಇವೆರಡೂ ಸೋಂಕಿಗೆ ದಾರಿ ಮಾಡಬಹುದು. ಆದ್ದರಿಂದ ಮೂತ್ರದ ಕಲ್ಚರ್ ಜೊತೆಗೆ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ. ತೂಕವನ್ನು ನಿಧಾನವಾಗಿ ಇಳಿಸಿ. ಹಳೆಯ ಚೀಟಿಯ ಆ್ಯಂಟಿಬಯಾಟಿಕ್ ನೀವೇ ನುಂಗಬೇಡಿ. ಚಳಿಜ್ವರ, ಬೆನ್ನುನೋವು ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಅದೇ ದಿನ ವೈದ್ಯರನ್ನು ಕಾಣಿ.