ಹಾಸಿಗೆ ಹಿಡಿದವರ ಆರೈಕೆ: ಯಾರ ಕೆಲಸ ಯಾರದು?

ಲಕ್ವ ಹೊಡೆದವರನ್ನೋ ಸೊಂಟದ ಮೂಳೆ ಮುರಿದುಕೊಂಡವರನ್ನೋ ಆಸ್ಪತ್ರೆಯಿಂದ ಕರೆತರುವ ಹೊತ್ತಿಗೆ ಮನೆಯವರು ಆಡುವ ಮಾತು ಒಂದೇ: ‘ಹೋಮ್ ನರ್ಸ್ ಒಬ್ಬರನ್ನ ಇಟ್ಕೊಂಡ್ರಾಯ್ತು.’ ಆ ಒಬ್ಬರು ಯಾವ್ಯಾವ ಕೆಲಸಕ್ಕೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ತಿಂಗಳೊಳಗೆ ಜಗಳ ಶುರುವಾಗುವುದು ಅಲ್ಲಿಂದಲೇ.

ಮೊದಲು, ಬೇಕಿರುವುದು ನರ್ಸೋ ಅಟೆಂಡರೋ ತೀರ್ಮಾನಿಸಿ. ನರ್ಸಿಂಗ್ ಓದಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡವರು ಮಾತ್ರ ನರ್ಸ್. ಏಜೆನ್ಸಿಗಳು ‘ಹೋಮ್ ನರ್ಸ್’ ಎಂದು ಕಳಿಸುವ ಎಷ್ಟೋ ಮಂದಿ ಅಟೆಂಡರ್‌ಗಳು. ನೋಂದಣಿ ಪತ್ರ ಕೇಳಿ ನೋಡಿದರೆ ಗೊತ್ತಾಗುತ್ತದೆ. ಮೈ ಒರೆಸುವುದು, ಊಟ ಮಾಡಿಸುವುದು, ಡೈಪರ್ ಬದಲಿಸುವುದು, ಕೈ ಹಿಡಿದು ನಡೆಸುವುದು ಅಟೆಂಡರ್ ಕೆಲಸ. ಇಂಜೆಕ್ಷನ್, ಡ್ರಿಪ್, ಮೂಗಿನ ಕೊಳವೆ ಅಥವಾ ಕ್ಯಾತಿಟರ್ ಹಾಕುವುದು ನರ್ಸ್ ಕೆಲಸ. ಹಾಕಿದ ಕೊಳವೆಯಲ್ಲಿ ಗಂಜಿ ಕೊಡುವುದನ್ನು ಮನೆಯವರೂ ಕಲಿಯಬಹುದು.

ಕಲಿಯಬೇಕಾದ್ದು ಡಿಸ್ಚಾರ್ಜ್‌ಗೆ ಮುಂಚೆ, ವಾರ್ಡಿನಲ್ಲೇ. ನೋಡಿದರೆ ಸಾಲದು, ಸಿಸ್ಟರ್ ಎದುರು ಒಂದೆರಡು ಸಲ ನೀವೇ ಮಾಡಿ. ಎಲ್ಲಕ್ಕಿಂತ ಮುಖ್ಯ, ಮಗ್ಗುಲು ಬದಲಿಸುವುದು. ತಾವಾಗಿ ಹೊರಳಲಾರದವರನ್ನು ಸುಮಾರು 2 ಗಂಟೆಗೊಮ್ಮೆ ಹೊರಳಿಸಬೇಕು, ಏರ್ ಬೆಡ್ ಇದ್ದರೂ ಇದು ತಪ್ಪುವುದಿಲ್ಲ. ರೋಗಿಯನ್ನು ಎಳೆಯಬೇಡಿ, ಕೆಳಗೆ ಮಡಚಿದ ಬೆಡ್‌ಶೀಟ್ ಹಾಸಿ ಇಬ್ಬರು ಎರಡೂ ಕಡೆ ಹಿಡಿದು ಎತ್ತಿ ಸರಿಸಿ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಿ. ದಿನವೂ ಮೈ ಒರೆಸುವಾಗ ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ ನೋಡಿ. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ. ಒತ್ತಿದರೂ ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಅದು ಬೆಡ್‌ಸೋರ್‌ನ ಆರಂಭ. ಕಪ್ಪು ಚರ್ಮದಲ್ಲಿ ಕೆಂಪು ಕಾಣದು, ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ತಿಳಿಯಬೇಕು. ಅದನ್ನು ತಿಕ್ಕಬೇಡಿ. ಆ ಮಗ್ಗುಲಲ್ಲಿ ಮಲಗಿಸದೆ ವೈದ್ಯರಿಗೆ ತಿಳಿಸಿ.

ಊಟ ಕೊಡುವಾಗ ಎಬ್ಬಿಸಿ ಕೂರಿಸಿ, ಆಮೇಲೂ ಅರ್ಧ ಗಂಟೆ ತಲೆ ಎತ್ತರದಲ್ಲೇ ಇರಲಿ. ಮಲಗಿಸಿಕೊಂಡು ತಿನ್ನಿಸಿದರೆ ಅನ್ನನಾಳಕ್ಕೆ ಹೋಗಬೇಕಾದ್ದು ಶ್ವಾಸಕೋಶಕ್ಕೆ ಹೋದೀತು. ಮೂತ್ರದ ಚೀಲ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಲಕ್ವ ಹೊಡೆದ ಕೈ ಹಿಡಿದೆಳೆದು ಎಬ್ಬಿಸಿದರೆ ಭುಜದ ಕೀಲು ಜಾರಬಹುದು.

ಒಂದು ನೋಟ್‌ಬುಕ್ ಇಡಿ. ಮಾತ್ರೆ, ಊಟ, ಮೂತ್ರ, ಮಲ, ಬಿಪಿ, ಶುಗರ್ ಎಲ್ಲವನ್ನೂ ಗಂಟೆ ಸಮೇತ ಬರೆಯಲಿ. ಹಗಲಿನವರು ರಾತ್ರಿಯವರಿಗೆ ಅದನ್ನು ತೋರಿಸಿಯೇ ಹೊರಡಬೇಕು.

ಇನ್ನು ಮನೆಯವರ ಪಾಲು. ವೈದ್ಯರೊಂದಿಗೆ ಮಾತು, ಔಷಧಿಯ ಬದಲಾವಣೆ, ಹಣಕಾಸು ಇವನ್ನು ಅಟೆಂಡರ್‌ಗೆ ಬಿಡುವಂತಿಲ್ಲ. ಮನೆಯ ಒಬ್ಬರೇ ಹೊಣೆ ಹೊರಲಿ. ಎಟಿಎಂ ಪಿನ್ ಯಾರ ಕೈಗೂ ಬೇಡ. ಹಾಗೆಯೇ, ರೋಗಿಗೆಂದು ಬಂದವರಿಂದ ಮನೆಮಂದಿಯ ಪಾತ್ರೆ ತೊಳೆಸುವುದೂ ಸಲ್ಲ. ಅವರಿಗೆ ಮಲಗಲು ಜಾಗ, ಹೊತ್ತಿಗೆ ಊಟ, ವಾರದ ರಜೆ ಕೊಡಿ. ‘24 ಗಂಟೆ’ ಎಂದು ಒಪ್ಪಂದವಾದರೂ 24 ಗಂಟೆ ಎಚ್ಚರವಿರುವವರು ಯಾರೂ ಇಲ್ಲ. ರಾತ್ರಿಯೂ ಹೊರಳಿಸಬೇಕಿದ್ದರೆ ಎರಡು ಪಾಳಿ ಬೇಕೇ ಬೇಕು.

ಸಂಬಳವಿಲ್ಲದ ಪಾಳಿ ಬಹುತೇಕ ಸೊಸೆಯದೋ ಮಗಳದೋ. ನಿದ್ದೆಗೆಟ್ಟು, ಸಿಡುಕು ಹೆಚ್ಚಿ, ಬದುಕೇ ಸಾಕೆನಿಸಿದರೆ ಅವರು ಟೆಲಿ-ಮಾನಸ್ 14416ಕ್ಕೆ ಕರೆ ಮಾಡಲಿ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ನೆರವಿಗೆ ಎಲ್ಡರ್‌ಲೈನ್ 14567 ಇದೆ. ದೂರದೂರಲ್ಲಿದ್ದು ದುಡ್ಡು ಕಳಿಸುವ ಅಣ್ಣತಮ್ಮಂದಿರೇ, ಮುಂದಿನ ರಜೆಯಲ್ಲಿ ಬಂದಾಗ ರಾತ್ರಿ ಪಾಳಿ ನಿಮ್ಮದಾಗಲಿ.